ಲ್ಯಾಪ್‌ಟಾಪಿಗೆ ಪಣವಿಟ್ಟ ಮೀಸೆ

ಮದರ್‌ಬೋರ್ಡ್ ಸುಟ್ಟಿರಬಹುದು. ಪರದೆಯ ಹಿಂದಿನ ದೀಪ ಆರಿಹೋಗಿರಬಹುದು. ಮುಚ್ಚಳ ತೆಗೆದು ಮುಚ್ಚಿ, ತೆಗೆದು ಮುಚ್ಚಿ, ಕತ್ತಿನ ಹತ್ತಿರದ ವೈರು ಕಿತ್ತಿರಬಹುದು. ಹೋಗಿ ಬರುವ ಕರೆಂಟು ಬರುವ ಭರದಲ್ಲಿ ಒಳಗೇನನ್ನೋ ಒದ್ದಿರಬಹುದು. ಗುಬ್ಬಿಯ ರೈಲಿನಲ್ಲಿ ಯಾರೋ ಪುಣ್ಯಾತ್ಮರು ನನ್ನ ಬ್ಯಾಗಿನ ಮೇಲೆ ತೆಂಗಿನಕಾಯಿ ಚೀಲ ಇಳಿಸಿರಬಹುದು. ಜಿರಲೆ ಒಳಗೆ ಸಂಸಾರ ಹೂಡಿರಬಹುದು. ವೈರಸ್ ಬಂದಿರಬಹುದು, ಅದು ಇಷ್ಟು ಹೊತ್ತಿಗೆ ನನಗೂ ಅಂಟಿರಬಹುದು. ಚಿಂತೆಯ ವಿಷಯದಲ್ಲಿ ನಾನು ಜಿಪುಣನಲ್ಲ. ಹಾಲು ಉಕ್ಕಿದರೆ ಸಿಲಿಂಡರ್ ಸಿಡಿಯುವವರೆಗೂ, ಒಂದು ಸೀನು ಬಂದರೆ ನನ್ನ ತಿಥಿಯ ಅಡುಗೆಗೆ ಯಾರನ್ನು ಕರೆಯುತ್ತಾರೆ ಎನ್ನುವವರೆಗೂ ಯೋಚಿಸಬಲ್ಲೆ. ದಸರಾ ರಜೆ ಮುಗಿದ ಬೆಳಿಗ್ಗೆ ನನ್ನ ಹಳೆಯ ಲ್ಯಾಪ್‌ಟಾಪ್ ಆನ್ ಮಾಡಿದರೆ, ಫ್ಯಾನು ಗುರ್ ಎಂದಿತು, ಹಸಿರು ದೀಪ ಹೊತ್ತಿತು, ಪರದೆ ಮಾತ್ರ ಬಾಣಲೆಯ ತಳದ ಹಾಗೆ ಕಪ್ಪಗೇ ಉಳಿಯಿತು. ಮೇಲಿನ ಅಷ್ಟನ್ನೂ ಯೋಚಿಸಿ ಮುಗಿಸಿದಾಗ ಕೈಯಲ್ಲಿದ್ದ ಕಾಫಿ ಇನ್ನೂ ಬಿಸಿಯಾಗಿತ್ತು.

ಬರೀ ಲ್ಯಾಪ್‌ಟಾಪಿನ ವಿಷಯವಾಗಿದ್ದರೆ ಹೇಗೋ ನುಂಗಿಕೊಳ್ಳುತ್ತಿದ್ದೆ. ಇದು ನನ್ನ ಮೀಸೆಯ ವಿಷಯವಾಗಿತ್ತು. ನಾನು ಗುಬ್ಬಿಯ ಕಾಲೇಜೊಂದರಲ್ಲಿ ಕಾಮರ್ಸ್ ಮೇಷ್ಟ್ರು. ಆ ಲ್ಯಾಪ್‌ಟಾಪನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಾಗಲೇ ಅದಕ್ಕೆ ನಡುವಯಸ್ಸು. ನನಗೂ ಅಷ್ಟೇ ಆದ್ದರಿಂದ ಒಬ್ಬರನ್ನೊಬ್ಬರು ಬಲ್ಲವರ ಹಾಗೆ ಹೊಂದಿಕೊಂಡೆವು. ಎತ್ತಿದರೆ ಒರಳುಕಲ್ಲಿನ ತೂಕ. ತೊಡೆಯ ಮೇಲಿಟ್ಟುಕೊಂಡರೆ ರೊಟ್ಟಿ ಬೇಯಿಸುವಷ್ಟು ಕಾವು. ಫಿಸಿಕ್ಸಿನ ಇಮ್ತಿಯಾಜ್ ಕುಣಿಗಲ್ಲಿನವನು, ನನಗಿಂತ ಚಿಕ್ಕವನು, ನಾಲಿಗೆ ಮಾತ್ರ ದೊಡ್ಡದು. ರಜೆಗೆ ಮುಂಚೆ ಒಂದು ದಿನ ಅವನು ತೆಳ್ಳನೆಯ ಹೊಸ ಲ್ಯಾಪ್‌ಟಾಪನ್ನು ಸ್ಟಾಫ್‌ರೂಮಿನ ಮೇಜಿನ ಮೇಲೆ ಬಾಳೆಲೆ ಹಾಸಿದಂತೆ ಹಾಸಿ, "ಮೂರ್ತಿ ಸಾರ್, ನಿಮ್ ಡಬ್ಬಾನ ಮ್ಯೂಸಿಯಮ್ಮಿಗೆ ಕೊಟ್ಬುಡಿ. ಇಲ್ಲಾಂದ್ರೆ ಅವ್ರೇ ಬಂದು ನಿಮ್ಮಿಬ್ರನ್ನೂ ಎತ್ಕೊಂಡೋಗ್ತಾರೆ" ಎಂದ. ಎಲ್ಲರೂ ನಕ್ಕರು. ನನಗೆ ರೇಗಿತು. "ಕೇಳ್ರೀ ಇಮ್ತಿಯಾಜ್, ನಾನು ರಿಟೈರ್ ಆಗೋವರ್ಗೂ ಇದೇ! ಹೊಸದು ತಗೊಂಡ್ರೆ ಮೀಸೆ ಬೋಳಿಸ್ಕೊಂಡು ಬರ್ತೀನಿ!" ಎಂದುಬಿಟ್ಟೆ. ತಲೆಯ ಕೂದಲೆಲ್ಲ ಕೈಬಿಟ್ಟ ಮೇಲೂ ನಿಯತ್ತಿನಿಂದ ಉಳಿದಿದ್ದದ್ದು ಆ ಮೀಸೆಯೊಂದೇ. ಅದನ್ನೇ ಪಣಕ್ಕಿಟ್ಟೆ.

ತುಮಕೂರಿನ ರಿಪೇರಿ ಅಂಗಡಿಯವನು ನನ್ನ ಲ್ಯಾಪ್‌ಟಾಪಿಗೆ ಬೇರೊಂದು ಮಾನಿಟರ್ ಸಿಕ್ಕಿಸಿದ. ಅದರಲ್ಲಿ ಎಲ್ಲವೂ ಕಂಡಿತು. "ನೋಡಿ ಸಾರ್, ಡಿಸ್‌ಪ್ಲೇ ಹೋಗೈತೆ. ಇದರ ಪಾರ್ಟು ಎಲ್ಲೂ ಸಿಗಾಕಿಲ್ಲ, ಮಾಡ್ದೋರೇ ಮರ್ತವ್ರೆ. ಎಕ್ಸ್‌ಚೇಂಜಿಗೆ ಕೊಟ್ಟು ಹೊಸದು ತಗೊಂಬುಡಿ" ಎಂದ. ಹಳೆಯದನ್ನೆಲ್ಲ ಎಸೆಯುವುದಾದರೆ ಈ ದೇಶದಲ್ಲಿ ಉಳಿಯುವುದೇನು? ನಮ್ಮ ಮನೆಯ ಮಿಕ್ಸಿಯ ಮುಚ್ಚಳವನ್ನು ಅಂಗೈಯಲ್ಲಿ ಅದುಮಿ ಹಿಡಿದರೇ ಚಟ್ನಿ. ನನ್ನ ಸ್ಕೂಟರನ್ನು ಒಂದು ಪಕ್ಕಕ್ಕೆ ಮಲಗಿಸಿ ಎಬ್ಬಿಸಿದರೇ ಸ್ಟಾರ್ಟು. ಇವನ್ನು ಸಾಕಿದವನು ಒಂದು ಕಪ್ಪು ಪರದೆಗೆ ಹೆದರುವುದೇ? "ಕೊಡಲ್ಲ!" ಎಂದು ಲ್ಯಾಪ್‌ಟಾಪನ್ನು ಎದೆಗವಚಿಕೊಂಡು ಬಂದೆ. ರೈಲಿನಲ್ಲಿ ನಿಟ್ಟೂರಿನ ಯಜಮಾನರೊಬ್ಬರು, "ಬಿಸ್ಲಿಗೆ ಮಡಗಿ ಸಾಮಿ, ನಮ್ ರೇಡಿಯೋ ಹಂಗೇ ಸರ್ಯೋಯ್ತು" ಎಂದರು. ಬಿಸಿಲಿಗೂ ಇಟ್ಟೆ. ಹಪ್ಪಳವಾಗಿದ್ದರೆ ಒಣಗುತ್ತಿತ್ತು.

ಮನೆಯಲ್ಲಿ ಬೇರೆ ಮಾನಿಟರ್ ಇರಲಿಲ್ಲ, ಪಾಠದ ನೋಟ್ಸೆಲ್ಲ ಅದರೊಳಗೇ ಸಿಕ್ಕಿಕೊಂಡಿತ್ತು. ಪರೀಕ್ಷೆ ಹತ್ತಿರ ಬಂತು. ಹೆಂಡತಿ ಶೈಲಜಾ ಕೊನೆಗೊಮ್ಮೆ, "ಮೀಸೆ ಮತ್ತೆ ಬೆಳೆಯುತ್ತೆ ಕಣ್ರೀ. ಫೇಲಾದ್ರೆ ಆ ಮಕ್ಕಳ ವರ್ಷ ಮತ್ತೆ ಬರುತ್ತಾ?" ಎಂದಳು. ಅಲ್ಲಿ ನಾನು ಸೋತೆ. ಆದರೆ ಸೋಲುವುದಕ್ಕೂ ಒಂದು ಗತ್ತು ಬೇಡವೇ? ಹೊಸದನ್ನು ಕೊಂಡಾದ ಮೇಲೆ ಮೀನಮೇಷ ಎಣಿಸಿದ ಎಂದು ಇಮ್ತಿಯಾಜ್ ಆಡಿಕೊಳ್ಳಬಾರದು. ಭಾನುವಾರ ಬೆಳಿಗ್ಗೆ, ಅಂಗಡಿಗೆ ಹೊರಡುವ ಮೊದಲೇ, ನಾನೇ ರೇಜರ್ ಎತ್ತಿದೆ. ಕನ್ನಡಿಯಲ್ಲಿ ಹುಲಿಯೂರುದುರ್ಗದ ನಮ್ಮ ಸೋದರತ್ತೆ ಕಂಡರು.

ಶೈಲಜಾ ನಕ್ಕು ನಕ್ಕು ನೆಲಕ್ಕೆ ಕೂತಳು. ಆಮೇಲೆ ಕಣ್ಣೊರೆಸಿಕೊಂಡು ಒದ್ದೆ ಬಟ್ಟೆ ತಂದು ಲ್ಯಾಪ್‌ಟಾಪ್ ಒರೆಸತೊಡಗಿದಳು. ಒಂದು ಕೊನೆಯ ಆಸೆಯಿಂದ ನಾನು ಅದನ್ನು ಆನ್ ಮಾಡಿಟ್ಟಿದ್ದೆ. "ಏ, ಶಾಕ್ ಹೊಡೆಯುತ್ತೆ!" ಎಂದು ಕೂಗಿದೆ.

"ಸುಮ್ನಿರ್ರೀ. ಆಯುಧಪೂಜೇಲಿ ಕುಂಕುಮ ಇಟ್ಟ ವಸ್ತುನ ಹಂಗಂಗೇ ಹೊರಗೆ ಕೊಡ್ತಾರಾ? ಲಕ್ಷ್ಮೀನೇ ಕೊಟ್ಟಂಗೆ" ಎಂದು ಅವಳು ಮುಚ್ಚಳದ ಮೇಲಿನ ಬೊಟ್ಟನ್ನು ಒರೆಸಿದಳು. ಮುಚ್ಚಳ ತೆರೆದು, ಮೂಲೆಯಲ್ಲಿ ಗಟ್ಟಿಯಾಗಿ ಕಚ್ಚಿಕೊಂಡಿದ್ದ ಇನ್ನೊಂದು ಬೊಟ್ಟನ್ನು ತಲೆಯ ಪಿನ್ನಿನಿಂದ ಕೆರೆದಳು. ಟಕ್ ಎಂದಿತು. ಅಡಿಯಿಂದ ಕಡಲೆ ಗಾತ್ರದ ಗುಂಡಿಯೊಂದು ಮೇಲೆದ್ದಿತು. ಪರದೆ ಝಗ್ಗನೆ ಬೆಳಗಿತು.

ಮುಚ್ಚಳ ಮುಚ್ಚಿದಾಗ ಅದುಮಿಕೊಂಡು ಪರದೆಯನ್ನು ಆರಿಸುವ ಗುಂಡಿಯಂತೆ ಅದು. ಒಣಗಿದ ಗಂಧ ಕುಂಕುಮ ಅದನ್ನು ಸಿಮೆಂಟಿನ ಹಾಗೆ ಹಿಡಿದಿತ್ತು. ಪಾಪ, ಆಯುಧಪೂಜೆಯ ದಿನದಿಂದ ಮುಚ್ಚಳ ಮುಚ್ಚಿದೆಯೆಂದೇ ನಂಬಿ ನನ್ನ ಲ್ಯಾಪ್‌ಟಾಪ್ ವಿಧೇಯವಾಗಿ ಕಣ್ಣುಮುಚ್ಚಿ ಕೂತಿತ್ತು.

"ನಾನಿಟ್ಟಿದ್ದು ಮುಚ್ಚಳದ ಮೇಲೆ ಒಂದೇ ಬೊಟ್ಟು. ಒಳಗಡೆ ಇಟ್ಟೋರ್ಯಾರು?" ಎಂದಳು ಶೈಲಜಾ. ನಾನು ಮೂಗಿನ ಕೆಳಗಿನ ಬಯಲನ್ನು ಸವರುತ್ತ ಬಚ್ಚಲಿಗೆ ಹೋದೆ.

ಸೋಮವಾರ ಸ್ಟಾಫ್‌ರೂಮಿನಲ್ಲಿ ಎದೆ ಸೆಟೆದು ನಿಂತು ಹಳೆಯ ಡಬ್ಬಾವನ್ನೇ ಮೇಜಿನ ಮೇಲೆ ದಡ್ ಎಂದು ಇಳಿಸಿದೆ. ಇಮ್ತಿಯಾಜ್ ನನ್ನ ಮುಖ ನೋಡಿದ, ಅದನ್ನು ನೋಡಿದ, ಮತ್ತೆ ನನ್ನ ಮುಖ ನೋಡಿದ. "ಸಾರ್, ಹಳೇದೇ ಇದ್ಯಲ್ಲಾ! ಮತ್ತೆ ಮೀಸೆ ಎಲ್ಲಿ?"

"ರಿಪೇರಿಗೆ ಕೊಟ್ಟಿದೀನಿ ಕಣ್ರೀ" ಎಂದೆ.

"ಇದಕ್ಕೆ ಏನಾಗಿತ್ತು ಸಾರ್?"

ಅದನ್ನು ಅವನಿಗೆ ಈವರೆಗೂ ಹೇಳಿಲ್ಲ. ಮದರ್‌ಬೋರ್ಡ್ ಸುಟ್ಟಿರಲಿಲ್ಲ, ವೈರು ಕಿತ್ತಿರಲಿಲ್ಲ, ಜಿರಲೆಯ ಸಂಸಾರವೂ ಇರಲಿಲ್ಲ. ಶೈಲಜಾ ಇಟ್ಟ ಒಂದು ಬೊಟ್ಟು ಇಷ್ಟೆಲ್ಲ ಗಂಡಾಂತರಗಳಿಗೆ ಸಾಲದೇನೋ ಎಂಬ ಚಿಂತೆಯಿಂದ, ಅವಳು ಮಂಗಳಾರತಿಗೆ ಕರ್ಪೂರ ಹುಡುಕುತ್ತಿದ್ದಾಗ ಮುಚ್ಚಳ ತೆರೆದು, ಅದಕ್ಕೆಂದೇ ಮಾಡಿಟ್ಟಂತೆ ಪುಟ್ಟದಾಗಿ ಉಬ್ಬಿದ್ದ ಜಾಗ ನೋಡಿ, ಉಂಗುರದ ಬೆರಳಿನಿಂದ ಗಟ್ಟಿಯಾಗಿ ಒತ್ತಿ ನಾನೇ ಇಟ್ಟ ಇನ್ನೊಂದು ಬೊಟ್ಟು, ಅಷ್ಟೇ.