ಚುಕ್ಕಿ ಗಾಜಿನ ಪಡಿಪಾಟಲು

ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ನಾನು ಹುಟ್ಟಾ ಪುಕ್ಕಲ. ಧೈರ್ಯವಂತರನ್ನು ಬಿಟ್ಟು ಪೇಚಿನ ಪ್ರಸಂಗಗಳೆಲ್ಲ ನನ್ನ ವಿಳಾಸವನ್ನೇ ಕೇಳಿಕೊಂಡು ಬರುತ್ತವೆ. ಒಂದು ಪೆಟ್ಟಿಗೆ ಕಂಡುಹಿಡಿದ ಮೇಲಂತೂ ಅವು ಬಾಗಿಲು ತಟ್ಟುವ ಸೌಜನ್ಯವನ್ನೂ ಬಿಟ್ಟಿವೆ.

ಪೆಟ್ಟಿಗೆಯ ಕೆಲಸ ಸುಲಭ. ಲೇಸರ್ ಬೆಳಕು ಬಟ್ಟೆಯೊಂದರ ಮೂಲಕ ಹಾಯುತ್ತದೆ, ಮಸೂರ ಅದನ್ನು ಒಂದೆಡೆ ಸೇರಿಸುತ್ತದೆ. ಅಲ್ಲಿ ಬಟ್ಟೆಯ ಸಮ ಅಂತರದ ನೂಲುಗಳೆಲ್ಲ ಸಾಲು ಸಾಲು ಬೆಳಕಿನ ಚುಕ್ಕಿಗಳಾಗಿ ಕಾಣುತ್ತವೆ. ಆ ಜಾಗದಲ್ಲಿ ಗಾಜಿನ ತುಂಡೊಂದನ್ನು ನಿಲ್ಲಿಸಿ, ನಟ್ಟನಡುವಿನದೊಂದನ್ನು ಬಿಟ್ಟು ಬೆಳಕಿನ ಚುಕ್ಕಿ ಬೀಳುವಲ್ಲೆಲ್ಲ ಕಪ್ಪು ಚುಕ್ಕಿ ಇಟ್ಟರೆ, ಆಚೆಯ ಪರದೆಯಲ್ಲಿ ನೂಲುಗಳು ಮಾಯ. ನೂಲು ತಪ್ಪಿದ ಜಾಗ ಮಾತ್ರ ಉಳಿಯುತ್ತದೆ. ನೇಯ್ಗೆಯ ದೋಷ ಹಿಡಿಯಲು ಇದಕ್ಕಿಂತ ಒಳ್ಳೆಯ ಉಪಾಯವಿಲ್ಲ ಎಂದು ನನ್ನ ನಂಬಿಕೆ.

ನಮ್ಮ ಪ್ರಾಂಶುಪಾಲರ ನಂಬಿಕೆ ಅಷ್ಟು ಗಟ್ಟಿಯಿರಲಿಲ್ಲ. "ನವರಾತ್ರಿ ರಜೆ ಮುಗಿದ ದಿನ ತಜ್ಞರು ಬರ್ತಾರೆ. ಅವರು ಒಪ್ಪಿದರೆ ಪೇಟೆಂಟಿಗೆ ಅರ್ಜಿ ಹಾಕುವ. ಒಪ್ಪದಿದ್ದರೆ ನಿಮ್ಮ ಕತ್ತಲೆ ಕೋಣೆ ಕ್ರೀಡಾ ವಿಭಾಗಕ್ಕೆ. ಅವರಿಗೆ ವಾಲಿಬಾಲ್ ನೆಟ್ ಇಡ್ಲಿಕ್ಕೆ ಜಾಗ ಇಲ್ಲ" ಎಂದರು. ಮೂರು ವರ್ಷದ ಕೆಲಸ ವಾಲಿಬಾಲ್ ನೆಟ್ಟಿನ ಎದುರು ನಿಂತಿತು.

ಸ್ವಚ್ಛತೆ

ಮೊದಲ ಆಘಾತ ನಮ್ಮ ಅಟೆಂಡರರಿಂದ. ಅವರಷ್ಟು ಚೊಕ್ಕ ಮನುಷ್ಯ ಇಡೀ ಕಾಲೇಜಿನಲ್ಲಿಲ್ಲ. ಒಂದು ಸೋಮವಾರ ಹೋಗಿ ನೋಡುತ್ತೇನೆ, ಚುಕ್ಕಿ ಗಾಜು ಫಳಫಳ ಹೊಳೆಯುತ್ತಿದೆ. ಭೂತಗನ್ನಡಿ ಹಿಡಿದು ಸೂಜಿಯ ತುದಿಯಿಂದ ತಿಂಗಳುಗಟ್ಟಲೆ ಇಟ್ಟ ಚುಕ್ಕಿಗಳು!

"ಇದನ್ನು ಯಾರು ಮುಟ್ಟಿದ್ದು?"

"ನಾನೇ ಸರ್. ಎಂತ ಕೊಳೆ ಮಾರಾಯ್ರೆ ಅದು! ನೊಣ ಕೂತ ಹಾಗೆ ಇಡೀ ಕಪ್ಪು ಕಪ್ಪು. ಸಾಬೂನು ಹಾಕಿ ತಿಕ್ಕಿದ್ದೇನೆ."

ನನ್ನ ಮುಖ ನೋಡಿ ಅವರಿಗೂ ಬೇಸರವಾಯಿತು.

"ನನಗೆ ಗೊತ್ತುಂಟು ಸರ್, ಮೂಲೆಯಲ್ಲಿ ಇನ್ನೂ ಎರಡು ಉಳಿದಿದೆ. ನಾಳೆ ಸೀಮೆಎಣ್ಣೆ ಹಾಕಿ ಅದನ್ನೂ ತೆಗಿತೇನೆ."

ಬಂಟ್ವಾಳದ ಅಂಗಡಿ

ಹಗಲೂ ರಾತ್ರಿ ಕೂತು ಮತ್ತೆ ಚುಕ್ಕಿ ಇಟ್ಟೆ. ಪರೀಕ್ಷೆಗೆ ನಿಜವಾದ ಸೀರೆ ಬೇಕಲ್ಲ? ಬಂಟ್ವಾಳ ಪೇಟೆಯಲ್ಲಿ ಪರಿಚಯದ ಜವಳಿ ಅಂಗಡಿಯ ಧಣಿಯೊಬ್ಬರಿದ್ದಾರೆ. ಫರಂಗಿಪೇಟೆಯಿಂದ ಬಂದ ಅಮ್ಮ ಮಗಳು ಅಲ್ಲಿ ಕೈಮಗ್ಗದ ಸೀರೆಯೊಂದನ್ನು ಒಪ್ಪಿ, ಇನ್ನೇನು ಕಟ್ಟಿಸಬೇಕು ಎನ್ನುವಾಗ ನಾನು ಪೆಟ್ಟಿಗೆ ಹೊತ್ತು ಒಳಗೆ ಹೋದೆ.

ಧಣಿಗಳಿಗೆ ಉತ್ಸಾಹ. "ಇದನ್ನೇ ಇಡಿ ಮಾಸ್ಟ್ರೇ. ನಮ್ಮ ಮಾಲು ಎಂಥದ್ದು ಅಂತ ಇವರೂ ನೋಡಲಿ."

ಇಟ್ಟೆ. ಗೋಡೆಯ ಮೇಲೆ ಒಂದು, ಎರಡು, ಮೂರು ಕಡೆ ನೂಲು ತಪ್ಪಿದ್ದು ಮಸುಕಾಗಿ ಮೂಡಿತು. ನನಗೆ ಒಳಗೊಳಗೇ ಸಂತೋಷ. ತಿರುಗಿ ನೋಡಿದರೆ ಅಮ್ಮ ಮಗಳು ಆಗಲೇ ಚಪ್ಪಲಿ ಹಾಕುತ್ತಿದ್ದಾರೆ. ಧಣಿಗಳು ಸೀರೆಯನ್ನು ಮಡಚಿ ಮತ್ತೆ ಕಪಾಟಿನಲ್ಲಿಟ್ಟರು.

ಕೊನೆಗೆ ಅವರೇ ಮೆಲ್ಲಗೆ ಅಂದರು, "ಯಂತ್ರ ಒಳ್ಳೇದುಂಟು ಮಾಸ್ಟ್ರೇ. ಒಂದು ಉಪಕಾರ ಮಾಡಿ, ಎದುರಿನ ಅಂಗಡಿಯಲ್ಲಿಯೂ ತೋರಿಸಿ."

ಬೆಳ್ತಂಗಡಿಯ ಭಾವ

ಹಳೆಯ ಫಿಲ್ಮಿನ ಮೇಲೆ ಬಿದ್ದ ಸಾಲು ಗೆರೆಗಳನ್ನೂ ಈ ಪೆಟ್ಟಿಗೆ ಅಳಿಸುತ್ತದೆ ಎಂದು ತರಗತಿಯಲ್ಲಿ ಒಮ್ಮೆ ಬಾಯಿತಪ್ಪಿ ಹೇಳಿದ್ದೆ. ಸುದ್ದಿ ಬೆಳ್ತಂಗಡಿಯವರೆಗೆ ಹೋಗಿ, ಅಲ್ಲಿಂದ ಹಿರಿಯರೊಬ್ಬರು ಮದುವೆಯ ಗುಂಪುಚಿತ್ರದ ನೆಗೆಟಿವ್ ಹಿಡಿದು ಬಂದರು. ನೋಡಿದರೆ ಒಂದು ಗೆರೆಯೂ ಇಲ್ಲ.

"ಗೆರೆ ಅಲ್ಲ ಸರ್. ಎಡಗಡೆಯಿಂದ ಮೂರನೆಯವ, ನನ್ನ ಭಾವ. ಈಗ ನಮಗೂ ಅವನಿಗೂ ಆಗ್ತಾ ಇಲ್ಲ. ಅವನನ್ನು ತೆಗಿಬೇಕು."

ತಜ್ಞರು ಬರಲು ಹತ್ತು ದಿನವೂ ಇಲ್ಲ, ನನ್ನ ತಲೆ ಕಾದ ಕಾವಲಿ. ಆದರೂ ತಾಳ್ಮೆಯಿಂದ ವಿವರಿಸಿದೆ. "ಇದು ಮನುಷ್ಯರನ್ನು ತೆಗೆಯುವುದಿಲ್ಲ. ಸಮ ಅಂತರದಲ್ಲಿ, ತಪ್ಪದೆ, ಮತ್ತೆ ಮತ್ತೆ ಬರುವುದನ್ನು ಮಾತ್ರ ತೆಗೆಯುತ್ತದೆ."

ಅವರ ಮುಖ ಅರಳಿತು. "ಹಾಗಾದರೆ ಖಂಡಿತ ಆಗ್ತದೆ ಸರ್! ಅವ ಪ್ರತಿ ಆದಿತ್ಯವಾರ ಮಧ್ಯಾಹ್ನ ಊಟದ ಹೊತ್ತಿಗೆ ಸರಿಯಾಗಿ ಬರ್ತಾನೆ."

ತಜ್ಞರು

ಕಾಲೇಜಿನಲ್ಲಿಟ್ಟರೆ ಮತ್ತೆ ಯಾರು ತೊಳೆಯುತ್ತಾರೋ ಎಂಬ ಭಯಕ್ಕೆ ರಜೆಯಲ್ಲಿ ಪೆಟ್ಟಿಗೆಯನ್ನು ಬೆಳುವಾಯಿಯ ಮನೆಗೇ ತಂದೆ. ಆಯುಧಪೂಜೆಯ ದಿನ ಅಮ್ಮ ಗಂಧದ ಬಟ್ಟಲು ಹಿಡಿದು ಹೊರಟರು. ಕತ್ತಿ, ಗ್ರೈಂಡರ್, ನನ್ನ ಸ್ಕೂಟರ್, ಎಲ್ಲದಕ್ಕೂ ಬೊಟ್ಟು. "ಅಮ್ಮ, ಪೆಟ್ಟಿಗೆಗೆ ಮಾತ್ರ ಬೇಡ" ಎಂದು ಕೈಮುಗಿದೆ. ಅವರು ಹೂಂ ಎನ್ನಲೂ ಇಲ್ಲ, ಊಹೂಂ ಎನ್ನಲೂ ಇಲ್ಲ. ಧೂಳು ಕೂರುವ ಹೆದರಿಕೆಯಿಂದ ನಾನು ಮುಚ್ಚಳ ತೆರೆದು ನೋಡಲಿಲ್ಲ.

ರಜೆ ಮುಗಿದ ದಿನ ಪೆಟ್ಟಿಗೆಯನ್ನು ಹಾಗೇ ಕಾಲೇಜಿನ ಕತ್ತಲೆ ಕೋಣೆಗೆ ತಂದಿಟ್ಟೆ. ತಜ್ಞರು ಮೂವರು ಬಂದರು. ಬಾಗಿಲಲ್ಲಿ ಕ್ರೀಡಾ ವಿಭಾಗದವರು ಆಗಲೇ ಟೇಪು ಹಿಡಿದು ಕೋಣೆ ಅಳೆಯುವ ತಯಾರಿಯಲ್ಲಿದ್ದರು. ಸ್ವಿಚ್ ಒತ್ತಿದೆ. ಪರದೆಯ ತುಂಬ ಗಾಢ ಕತ್ತಲೆ; ಅದರ ನಡುವೆ ನೂಲು ತಪ್ಪಿದ ಜಾಗಗಳು ಮಾತ್ರ ಝಗ್ಗೆಂದು ಹೊಳೆದವು. ಮೂರು ವರ್ಷದಲ್ಲಿ ಒಮ್ಮೆಯೂ ಅಷ್ಟು ಚೆನ್ನಾಗಿ ಕಂಡಿರಲಿಲ್ಲ. ನನಗೆ ಖುಷಿಗಿಂತ ಗಾಬರಿಯೇ ಹೆಚ್ಚಾಯಿತು.

ಹಿರಿಯ ತಜ್ಞರು ಗಾಜನ್ನು ಹೊರತೆಗೆದು ನೋಡಿದರು. ಕಪ್ಪು ಚುಕ್ಕಿಗಳ ನಟ್ಟನಡುವೆ ಒಂದು ಹಳದಿ ಬೊಟ್ಟು. ನಡುವಿನ ಬೆಳಕನ್ನು ತಡೆದರೆ ಚಿತ್ರವೇ ಹೋದೀತೆಂದು ಹೆದರಿ ನಾನು ಇಷ್ಟು ವರ್ಷ ಖಾಲಿ ಬಿಟ್ಟಿದ್ದ ಜಾಗವದು.

"ನಡುವಿನ ಬೆಳಕು ತಡೆದದ್ದೇ ಇದರ ಜೀವ. ಅರ್ಜಿ ಹಾಕಿ, ಕೋಣೆಯನ್ನೂ ಇವರಿಗೇ ಬಿಡಿ" ಎಂದು ಅವರು ಪ್ರಾಂಶುಪಾಲರಿಗೆ ಹೇಳಿದರು. ಬಾಗಿಲಲ್ಲಿ ಟೇಪು ಸುತ್ತಿಕೊಂಡಿತು. ನನಗೆ ಅಳುವೇ ಬಂತು.

ಆಮೇಲೆ ಅವರು ನನ್ನತ್ತ ತಿರುಗಿದರು. "ಕೂದಲೆಳೆಯಷ್ಟೂ ಆಚೀಚೆ ಆಗಿಲ್ಲ. ನಡು ಹಿಡಿಯಲು ಯಾವ ಉಪಕರಣ ಬಳಸಿದಿರಿ? ಅರ್ಜಿಯಲ್ಲಿ ಬರೆಯಬೇಕಾಗುತ್ತದೆ."

ಸುಳ್ಳು ಹೇಳುವ ಧೈರ್ಯವೂ ನನಗಿಲ್ಲ. "ಅಮ್ಮನನ್ನು ಕೇಳಬೇಕು ಸರ್" ಎಂದು ಎಲ್ಲರೆದುರೇ ಫೋನು ಹಚ್ಚಿ, ಸ್ಪೀಕರ್ ಹಾಕಿ, ಪ್ರಶ್ನೆ ಕೇಳಿದೆ.

ಆ ಕಡೆಯಿಂದ ಅಮ್ಮ ಗದರಿದರು. "ಅದಕ್ಕೆಂತ ಉಪಕರಣ ಮಾರಾಯ? ಐವತ್ತು ವರ್ಷದಿಂದ ಕನ್ನಡಿ ನೋಡದೆ ಹಣೆಗೆ ಬೊಟ್ಟು ಇಡ್ತಾ ಇದ್ದೇನೆ, ನಿನ್ನ ಗಾಜಿನ ನಡು ನನಗೆ ಗೊತ್ತಾಗುವುದಿಲ್ಲವಾ?"