ಕೈಬ್ರೇಕೂ ಲಿಲ್ಲಿಯ ಕಲ್ಲೂ

ಮಂಗಳೂರಿನಂಥ ಏರುತಗ್ಗಿನ ಊರಿನಲ್ಲಿ ಕಾರು ಓಡಿಸುವುದು ದೊಡ್ಡ ವಿದ್ಯೆಯೇನಲ್ಲ. ನಿಲ್ಲಿಸಿದಲ್ಲೇ ಅದನ್ನು ನಿಲ್ಲಿಸಿಕೊಳ್ಳುವುದೇ ವಿದ್ಯೆ. ನಮ್ಮ ಮನೆಯಲ್ಲಿ ಆ ವಿದ್ಯೆ ಇದ್ದದ್ದು ನನಗಲ್ಲ, ನನ್ನ ಹೆಂಡತಿ ಲಿಲ್ಲಿಗೆ. ಶಾಲಾ ಮೇಷ್ಟ್ರಾದ ನಾನು ಆಸೆಪಟ್ಟು ಕೊಂಡ ಮುದಿ ಕಾರಿಗೆ ಕೈಬ್ರೇಕು ಬರೀ ಅಲಂಕಾರ. ಅತ್ತಾವರದ ಏರಿನಲ್ಲಿ ಕಾರು ನಿಂತರೆ ಸಾಕು, ಲಿಲ್ಲಿ ಕಾಲ ಬುಡದಲ್ಲಿಟ್ಟ ಕರಿಕಲ್ಲನ್ನೆತ್ತಿಕೊಂಡು ಕೆಳಗೆ ಹಾರಿ, ಹಿಂದಿನ ಚಕ್ರಕ್ಕೆ ಅಡ್ಡ ಕೊಡುತ್ತಿದ್ದಳು. ಇಗರ್ಜಿಯ ಪ್ರಾರ್ಥನೆಗೆ ರೇಷ್ಮೆ ಸೀರೆ ಉಟ್ಟು ಹೊರಟಾಗಲೂ ಕಲ್ಲು ಜೊತೆಗಿರಲೇಬೇಕು.

ಹೀಗಿರುವಾಗ ಸರಕಾರಕ್ಕೆ ನಮ್ಮ ಜೀವದ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು. ಹಳೆಯ ಗಾಡಿಗಳೆಲ್ಲ ಏರಿನಲ್ಲಿ ಬ್ರೇಕ್ ಪರೀಕ್ಷೆ ಕೊಡಬೇಕು, ಫೇಲಾದರೆ ರಸ್ತೆಗೆ ಇಳಿಯುವ ಹಾಗಿಲ್ಲ ಎಂದು ಹುಕುಂ ಬಂತು. ನಮ್ಮ ಪಾಳಿ ಶನಿವಾರ. ಭಾನುವಾರವೇ ಲಿಲ್ಲಿಯ ತಂಗಿ ಬೊಂಬಾಯಿಯಿಂದ ವಿಮಾನದಲ್ಲಿ ಬಜಪೆಗೆ ಬಂದಿಳಿಯುವವಳು.

“ಅವಳು ವಿಮಾನದಿಂದ ಇಳಿದು ಬಸ್ಸು ಹತ್ತುವುದಾ? ನನ್ನ ಮರ್ಯಾದೆ ಎಂತ ಆಗ್ತದೆ?” ಎಂದಳು ಲಿಲ್ಲಿ.

ಇನ್ನು ಕೂತರಾಗುವುದಿಲ್ಲವೆಂದು ಪಡೀಲಿನ ಹಮೀದ್ ಮೇಸ್ತ್ರಿಯ ಗ್ಯಾರೇಜಿಗೆ ಓಡಿ, ಕೈಬ್ರೇಕನ್ನು ಭದ್ರವಾಗಿ ರಿಪೇರಿ ಮಾಡಿಸಿದೆ.

ಪರೀಕ್ಷೆಯ ದಿನ ಇನ್‌ಸ್ಪೆಕ್ಟರು ಏರಿನ ನಡುವೆ ಕೈ ತೋರಿಸಿ, “ನಿಲ್ಲಿಸಿ. ಕೈಬ್ರೇಕ್ ಎಳೀರಿ” ಎಂದರು. ಎಳೆದೆ. ಕಾರು ಅಲುಗಲಿಲ್ಲ! ನನ್ನೆದೆ ಉಬ್ಬಿತು. ಇನ್‌ಸ್ಪೆಕ್ಟರು ಮಾತ್ರ ಬಗ್ಗಿ ಹಿಂದಿನ ಚಕ್ರ ನೋಡಿ, “ಕಲ್ಲು ಪಾಸಾಯಿತು. ಇನ್ನು ಬ್ರೇಕ್ ತೋರಿಸಿ” ಎಂದರು. ನೋಡಿದರೆ ಪಕ್ಕದಲ್ಲಿ ಕೂತಿದ್ದ ಲಿಲ್ಲಿ ಅಭ್ಯಾಸಬಲದಿಂದ ಯಾವಾಗಲೋ ಇಳಿದು ಕಲ್ಲಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಾಳೆ! “ಅಯ್ಯೋ ದೇವರೇ, ನನಗೆ ಗೊತ್ತೇ ಆಗ್ಲಿಲ್ಲ ಸಾರ್” ಎಂದು ಕಲ್ಲು ತೆಗೆದಳು. ನಾನು ಕಣ್ಣು ಮುಚ್ಚಿಕೊಂಡೆ. ಕಾರು ಬಂಡೆಯ ಹಾಗೆ ನಿಂತಿತ್ತು. ಇನ್‌ಸ್ಪೆಕ್ಟರು ನಕ್ಕು ಪಾಸು ಮಾಡಿದರು.

ಹೊರಡೋಣವೆಂದರೆ ಬ್ರೇಕು ಬಿಡಬೇಕಲ್ಲ! ಹಮೀದ್ ಮೇಸ್ತ್ರಿಯ ಕೆಲಸ ಅಷ್ಟು ಗಟ್ಟಿ. ಕಾಲಬ್ರೇಕು ತುಳಿದುಕೊಂಡೇ ನಾನು ಎರಡು ಕೈಯಲ್ಲಿ ಜಗ್ಗಿದೆ. ಇನ್‌ಸ್ಪೆಕ್ಟರೂ ಅಂಗಿಯ ತೋಳು ಮಡಚಿ ಜಗ್ಗಿದರು. ಉಹುಂ! “ನೀವು ಸ್ವಲ್ಪ ಆಚೆ ಸರೀರಿ ಮಾರಾಯ್ರೆ” ಎಂದ ಲಿಲ್ಲಿ ಅದೇ ಕಲ್ಲಿನಿಂದ ಬ್ರೇಕಿನ ಹಿಡಿಗೆ ಒಂದು ಬಿಟ್ಟಳು. ಟಕ್ಕೆಂದು ಸಡಿಲವಾಯಿತು. ಮೂವರಿಗೂ ನಗುವೋ ನಗು. ನಾಳೆ ಬಜಪೆಗೆ ಕಾರಿನಲ್ಲೇ ಹೋಗಬಹುದೆಂದು ನನಗಂತೂ ಹಾಡಬೇಕೆನಿಸುವಷ್ಟು ಖುಷಿ.

ಲಿಲ್ಲಿ ಕಲ್ಲನ್ನು ಮತ್ತೆ ಕಾಲ ಬುಡದಲ್ಲಿಟ್ಟು ಕೂತದ್ದನ್ನು ಇನ್‌ಸ್ಪೆಕ್ಟರು ಕಂಡರು. “ಇನ್ನೂ ಎಂತಕ್ಕಮ್ಮ ಅದು? ಬ್ರೇಕ್ ಪಾಸಾಯ್ತಲ್ಲ?”

“ಬ್ರೇಕ್ ಪಾಸಾಯ್ತು ಸಾರ್. ಅದನ್ನು ಎಳೆಯುವವರು ಪಾಸಾಗ್ಲಿಲ್ಲವಲ್ಲ?”

ಇನ್‌ಸ್ಪೆಕ್ಟರು ನನ್ನತ್ತ ನೋಡಿದರು. ನನ್ನ ಲೈಸೆನ್ಸಿಗೆ ಸಹಿ ಹಾಕಿಕೊಟ್ಟವರು ಅವರೇ. ಆದರೂ ಮಹಾನುಭಾವರು ಬಗ್ಗಿ, ಆ ಕಲ್ಲನ್ನು ಲಿಲ್ಲಿಯ ಕೈಗೆ ಇನ್ನಷ್ಟು ಹತ್ತಿರ ಸರಿಸಿಟ್ಟರು.