ಉಮಾನಾಥರ ಚೀಲದ ಗುಳ್ಳ

ಕೆಂಡದ ಮೇಲೆ ಸುಡುವ ಗುಳ್ಳದ ವಾಸನೆಯನ್ನು ಉಮಾನಾಥರು ಇನ್ನೂ ಮರೆತಿರಲಿಲ್ಲ. ಇನ್ನಂಜೆಯ ಮನೆಯಲ್ಲಿ ಅಮ್ಮ ಆ ದುಂಡು ಬದನೆಗೆ ತೆಂಗಿನೆಣ್ಣೆ ಸವರಿ ಒಲೆಗಿಟ್ಟರೆ, ಗದ್ದೆಯಲ್ಲಿ ಆಡುತ್ತಿದ್ದ ಅಕ್ಕ, ತಮ್ಮ ಇಬ್ಬರೂ ಓಡಿ ಬರುತ್ತಿದ್ದರು. ಕಾರ್ಕಳಕ್ಕೆ ಮದುವೆಯಾಗಿ ಹೋದ ಅಕ್ಕ ಪುಷ್ಪಾವತಿ ಈಗ ತರಕಾರಿಗೂ ಮಾಲ್‌ಗೇ ಹೋಗುತ್ತಿದ್ದಳು.

“ಸಂತೆಯಲ್ಲಿ ಎಂತ ಉಂಟು ಮಾರಾಯ, ಧೂಳು!” ಎಂದು ಅವಳು ಫೋನಿನಲ್ಲಿ ನಕ್ಕದ್ದೇ ತಪ್ಪಾಯಿತು.

“ಈ ಆದಿತ್ಯವಾರ ಬನ್ನಂಜೆಯ ನಮ್ಮ ಮನೆಗೆ ಊಟಕ್ಕೆ ಬಾ. ಸಂತೆಯ ಗುಳ್ಳ ತಿಂದು ಆಮೇಲೆ ಮಾತಾಡು,” ಎಂದರು ಉಮಾನಾಥರು. ಇನ್ನು ಅವರ ಮಾನ ಗುಳ್ಳದ ಕೈಯಲ್ಲಿತ್ತು.

ಆದಿತ್ಯವಾರ ಬೆಳಿಗ್ಗೆ ಮಣಿಪಾಲದ ರೈತರ ಸಂತೆಯಲ್ಲಿ ಗುಳ್ಳ ಬೆಳೆದು ಮಾರುವ ಬೆನೆಡಿಕ್ಟಾಬಾಯಿ ಅವರ ಚೀಲಕ್ಕೆ ಒಳ್ಳೊಳ್ಳೆಯದನ್ನೇ ಆರಿಸಿ ಹಾಕಿದಳು. ಅಷ್ಟರಲ್ಲಿ ತನ್ನ ಸೊಪ್ಪಿನ ಬುಟ್ಟಿ ಬಸ್ಸಿನಲ್ಲೇ ಉಳಿದದ್ದು ಅವಳಿಗೆ ನೆನಪಾಯಿತು. “ಒಂದು ಗಳಿಗೆ ನೋಡಿಕೊಳ್ಳಿ ಅಂಕಲ್,” ಎಂದವಳೇ ತನ್ನ ಅಡಿಕೆಹಾಳೆಯ ಟೊಪ್ಪಿಯನ್ನು ಬಿಸಿಲಿಗೆಂದು ಅವರ ತಲೆಗಿಟ್ಟು ಓಡಿದಳು.

ಟೊಪ್ಪಿ ಹುಬ್ಬಿನವರೆಗೆ ಇಳಿಯಿತು. ದೈವದ ಪಾತ್ರಿಗೆ ಮೈಮೇಲೆ ದರ್ಶನ ಬಂದ ಹಾಗೆ ಉಮಾನಾಥರಿಗೆ ಮಾತು ಬಂತು.

“ತೊಟ್ಟು ಮುಟ್ಟಿ ನೋಡಿ, ಇನ್ನೂ ಹಸಿ ಉಂಟು! ಫ್ರಿಜ್ಜಿನ ಮುಖವನ್ನೇ ಕಾಣದ ಗುಳ್ಳ. ಕಹಿಯಾದರೆ ಬಂದು ಬೈಯಿರಿ, ಬೆಳೆಸಿದವಳು ಇಲ್ಲೇ ಇರ್ತಾಳೆ. ಮಾಲ್‌ನಲ್ಲಿ ಯಾರಿಗೆ ಬೈತೀರಿ?”

ಒಲೆಯೇ ಇಲ್ಲದ ಹಾಸ್ಟೆಲ್ ಹುಡುಗಿಯರೂ ಕೊಂಡುಹೋದರು. ರಾಶಿ ಕರಗಿತು. ಕೊನೆಗೆ ಒಬ್ಬ ಯುವಕ ಬಂದ.

“ಮುಗಿಯಿತಾ? ಸಿಗದಿದ್ದರೆ ಮಾಲ್‌ನಿಂದ ತಾ ಅಂತ ಅಮ್ಮ ಹೇಳಿದ್ದಾರೆ.”

“ಮಾಲ್‌ನಿಂದಲಾ? ನಾನಿರುವಾಗ?” ಉಮಾನಾಥರು ಹಿಂದೆಮುಂದೆ ನೋಡದೆ ತಮ್ಮ ಚೀಲವನ್ನೇ ಎತ್ತಿ ಅವನ ಚೀಲಕ್ಕೆ ಸುರಿದುಬಿಟ್ಟರು.

ಬೆನೆಡಿಕ್ಟಾ ಮರಳಿ ಬಂದು, ಬರಿದಾದ ಗೋಣಿ ನೋಡಿ ಕೈಮುಗಿದಳು. ಆಗ ಉಮಾನಾಥರಿಗೆ ಅಕ್ಕನ ನೆನಪಾಯಿತು. ಸಂತೆಯಿಡೀ ಅಲೆದರೂ ಇನ್ನೊಂದು ಗುಳ್ಳ ಸಿಗಲಿಲ್ಲ.

ಹಸಿದು ಬೆವರಿ ಮನೆ ಸೇರಿದಾಗ ಅಕ್ಕ ಊಟ ಮುಗಿಸಿ ಬೆರಳು ನೆಕ್ಕುತ್ತಿದ್ದಳು.

“ನಿನ್ನನ್ನು ಕಾದು ಸಾಕಾಯಿತು. ಸಂತೆಯದೇ ಆಗಬೇಕು ಅಂತ ನಿನ್ನ ಹೆಂಡತಿ ಹಟ ಹಿಡಿದಳು. ನಮ್ಮ ಹೊಸ ಡ್ರೈವರ್ ರಿತೇಶನನ್ನು ಕಳಿಸಿದೆ. ಎಂತಹ ಗುಳ್ಳ ತಂದ ಮಾರಾಯ! ಅಮ್ಮನ ಗೊಜ್ಜೇ ನೆನಪಾಯಿತು. ಮಾರಿದವನು ಯಾರೋ ಟೊಪ್ಪಿಯ ಮುದುಕನಂತೆ, ಭಾರೀ ಜಾಣ. ಇನ್ನು ನನಗೆ ಮಾಲ್ ಬೇಡವೇ ಬೇಡ. ನೀನೂ ಇದ್ದೀಯ, ಬರೀ ಬಡಾಯಿ! ಅವನನ್ನು ನೋಡಿ ಕಲಿ!”

ಉಮಾನಾಥರು ಬಾಯಿ ತೆರೆದರು. ಆ ಮುದುಕ ತಮ್ಮನೇ ಎಂದು ಗೊತ್ತಾದರೆ ಅಕ್ಕ ನಾಳೆಯೇ ಮಾಲ್‌ಗೆ ಮರಳಿಯಾಳು. ಬಾಯಿ ಮುಚ್ಚಿದರು. ಎದೆ ಉಬ್ಬಿತ್ತು, ಹೊಟ್ಟೆ ಖಾಲಿಯಿತ್ತು. ಗೊಜ್ಜಿನ ಪಾತ್ರೆಯೂ ಖಾಲಿ.

ಅಡುಗೆಮನೆಯ ಬಾಗಿಲಲ್ಲಿ ರಿತೇಶ್ ಆಗಷ್ಟೇ ಬಡಿಸಿಕೊಂಡ ತಟ್ಟೆ ಹಿಡಿದು ನಿಂತಿದ್ದ. ಉಮಾನಾಥರ ಹಣೆಯ ಮೇಲೆ ಟೊಪ್ಪಿ ಬಿಟ್ಟ ಗೆರೆಯನ್ನು ನೋಡಿದ. ಹತ್ತಿರ ಬಂದು, ತನ್ನ ಪಾಲಿನ ಗೊಜ್ಜು ಅನ್ನವನ್ನು ಅವರ ಕೈಗಿಟ್ಟ.